ಯಾರ ಪಾಪ ಎಂಬ ಪ್ರಶ್ನೆ

ಎಮ್ಮೆದೊಡ್ಡಿಯ ಒಂದು ಮನೆಯಲ್ಲಿ ಹರೆಯದ ಹುಡುಗನೊಬ್ಬ ನಿದ್ದೆಗೆಟ್ಟು, ಕಾಣದವರ ಜೊತೆ ಮಾತಾಡತೊಡಗಿದ ಎಂದುಕೊಳ್ಳಿ. ಅಜ್ಜಿ ಗಾಳಿ ಸೋಕಿದೆ ಎನ್ನುತ್ತಾಳೆ, ಅಪ್ಪ ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾನೆ, ಕಡೂರಿನ ಡಾಕ್ಟರು ಮಿದುಳಿನ ಕಾಯಿಲೆ ಎನ್ನುತ್ತಾರೆ. ಕಾಯಿಲೆ ಏಕೆ ಬಂತು, ಈಗಲೇ ಏಕೆ ಬಂತು, ಯಾರ ಹತ್ತಿರ ಹೋಗಬೇಕು ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಈ ತಿಳಿವಳಿಕೆಯನ್ನು, ತೈವಾನಿನಲ್ಲಿ ಅಧ್ಯಯನ ನಡೆಸಿದ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ‘ವಿವರಣಾ ಮಾದರಿ’ ಎಂದು ಕರೆದರು.

ಮನೆಯವರು ಕ್ರೈಸ್ತರಾದರೆ ಮೊದಲು ಕರೆ ಹೋಗುವುದು ಹೆಚ್ಚಾಗಿ ಫಾದರಿಗೋ ಪಾಸ್ಟರಿಗೋ. ಅವರ ಪರಂಪರೆಯಲ್ಲಿ ದೆವ್ವ ಬಿಡಿಸುವ ವಿಧಿಯೂ ಇದೆ, ಅದರ ಬಗ್ಗೆ ಎಚ್ಚರಿಕೆಯೂ ಇದೆ. ಸುಲಭವಾಗಿ ದೆವ್ವವೆಂದು ನಂಬಬಾರದು, ಕರಿಪಿತ್ತದಿಂದಲೋ (ವಿಷಣ್ಣತೆಗೆ ಆಗಿನ ಹೆಸರು) ಬೇರೆ ರೋಗದಿಂದಲೋ ನರಳುವವರನ್ನು ಬೇರೆಯಾಗಿ ಗುರುತಿಸಬೇಕು ಎಂದು 1614ರ ರೋಮನ್ ವಿಧಿಗ್ರಂಥವೇ ಗುರುಗಳಿಗೆ ಹೇಳಿತ್ತು. ಇಂದಿಗೂ ಬಿಷಪರ ಅನುಮತಿಯಿಲ್ಲದೆ ಕಥೋಲಿಕ ಗುರು ಆ ವಿಧಿ ನಡೆಸುವಂತಿಲ್ಲ. ಮಾತ್ರೆ ಬಿಟ್ಟರೇ ನಂಬಿಕೆ ಗಟ್ಟಿ ಎನ್ನುವ ಬೋಧಕರೂ ಇದ್ದಾರೆ. ಅದನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ.

ಎರಡು ಪ್ರಶ್ನೆಗಳು ಒಂದಾಗಿಬಿಡುವಲ್ಲಿ ತೊಡಕು ಹುಟ್ಟುತ್ತದೆ. ರೋಗ ಹೇಗೆ ಬಂತು ಎಂಬುದೊಂದು, ನನಗೇ ಏಕೆ ಬಂತು ಎಂಬುದಿನ್ನೊಂದು. ಮೊದಲನೆಯದಕ್ಕೆ ಮಿದುಳು, ವಂಶ, ಬದುಕಿನ ಪೆಟ್ಟುಗಳಲ್ಲಿ ಉತ್ತರ ಹುಡುಕಬಹುದು. ಎರಡನೆಯದು ನೋವು ಕೇಳಿಸುವ ಪ್ರಶ್ನೆ, ಮಾತ್ರೆಯಲ್ಲಿ ಅದಕ್ಕೆ ಉತ್ತರವಿಲ್ಲ. ಅರ್ಥ ಕೇಳಿದವನಿಗೆ ಕಾರಣ ಹೇಳಹೊರಟಾಗ ‘ನಿನ್ನ ಪಾಪವೇ ಇದಕ್ಕೆ ಮೂಲ’ ಎಂಬ ಮಾತು ಬಾಯಿಗೆ ಬರುತ್ತದೆ. ಪೂರ್ವಜನ್ಮದ ಕರ್ಮ ಎನ್ನುವ ನೆರೆಯವರೂ ಎಡವುವುದು ಇಲ್ಲಿಯೇ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಇವನದೋ ಹೆತ್ತವರದೋ ಎಂದು ಕೇಳುತ್ತಾರೆ. ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಅಲ್ಲಿರುವುದು ಕುರುಡು, ಮನೋರೋಗವಲ್ಲ, ನಿಜ. ಆದರೂ ಕೇಳಿದ ಪ್ರಶ್ನೆ ಅದೇ.

ಈ ಎರಡು ಪ್ರಶ್ನೆಗಳಲ್ಲಿ ಯಾವುದನ್ನೂ ಕೈಬಿಡದವರೂ ಇದ್ದರು. ಅಮೆರಿಕದ ಪ್ರೊಟೆಸ್ಟೆಂಟ್ ಗುರು ಆಂಟನ್ ಬಾಯ್ಸನ್ 1920ರಲ್ಲಿ ತಾವೇ ತೀವ್ರ ಮನೋರೋಗಕ್ಕೆ ತುತ್ತಾಗಿ ಆಸ್ಪತ್ರೆ ಸೇರಿದರು. ಚೇತರಿಸಿಕೊಂಡ ಮೇಲೆ ವುಸ್ಟರ್ ನಗರದ ಮನೋರೋಗ ಆಸ್ಪತ್ರೆಯ ಗುರುವಾಗಿ, 1925ರಿಂದ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆಯೇ ಇರಿಸಿ ಕಲಿಸಿದರು. ವೈದ್ಯರ ಜೊತೆ ಕೆಲಸ ಮಾಡುತ್ತಲೇ, ಮನೋರೋಗದ ಅನುಭವದೊಳಗೆ ಆತ್ಮದ ತೊಳಲಾಟವೂ ಇದೆ ಎಂಬ ಮಾತನ್ನು ಅವರು ಬಿಟ್ಟುಕೊಡಲಿಲ್ಲ. ಗ್ರಂಥ ಓದುವಷ್ಟೇ ಶ್ರದ್ಧೆಯಿಂದ ಮನುಷ್ಯರನ್ನು ಓದಬೇಕೆಂಬುದು ಅವರ ಹಟ.

ನಮ್ಮಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಆರಂಭಿಸಿದ ಮಾದರಿಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಚಿಕಿತ್ಸೆಯನ್ನು ಊರುಗಳ ಹತ್ತಿರಕ್ಕೆ ತರುವುದು ಅದರ ಉದ್ದೇಶ. ಆ ಕೆಲಸಕ್ಕೆ ಗುರುವೂ ಕೈಜೋಡಿಸಬಹುದು: ಊರಿನ ಮನೆಮನೆಯನ್ನೂ ಬಲ್ಲ ಅವರು ಪ್ರಾರ್ಥನೆ ಮುಗಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಹಚ್ಚಿಕೊಟ್ಟು, ಮಾತ್ರೆ ತಪ್ಪದಂತೆ ವಾರವಾರ ವಿಚಾರಿಸಿಕೊಳ್ಳಬಲ್ಲರು.