ನಾಯಿ ಯಾರನ್ನು ಕಂಡು ಬೊಗಳುತ್ತದೆ?

ನಾಯಿಗೆ ಜಾತಿ ಇದೆಯೇ ಎಂದು ಕೇಳಿದರೆ ಬಹಳ ಜನ ನಗುತ್ತಾರೆ. ನಗುವವರು ಒಮ್ಮೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಒಳದಾರಿಗಳಲ್ಲಿ ನಮ್ಮ ಜೊತೆ ನಡೆದು ಬರಬೇಕು. ಘಟ್ಟದ ಮೇಲಿನ ಹಾಗೆ ಇಲ್ಲಿ ಊರೆಂದರೆ ಒತ್ತಾಗಿ ಕೂತ ಮನೆಗಳಲ್ಲ. ಇದು ಊರು, ಇದು ಕೇರಿ ಎಂದು ಗೆರೆ ಎಳೆದು ತೋರಿಸುವುದೂ ಕಷ್ಟ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಮನೆಯಿಂದ ಮನೆಗೆ ನಡುವೆ ಗುಡ್ಡೆ, ಬೈಲು, ತೋಡು. ಶಾಲೆಗೆ ಹೋಗುವ ಮಕ್ಕಳು, ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ಬರುವ ಹೆಂಗಸರು, ಅಡಿಕೆ ಸುಲಿಯಲು ಹೋಗುವ ಆಳುಗಳು, ಎಲ್ಲರ ದಾರಿಯೂ ಯಾರದೋ ತೋಟದ ಬದಿಯಿಂದಲೇ. ಗೆರೆ ಎಳೆಯುವ ಕೆಲಸ ಇಲ್ಲಿ ನಾಯಿಗೆ ಬಿದ್ದಿದೆ.

ತಡಮೆ ದಾಟಿದ ಕೂಡಲೇ ನಾಯಿ ಬೊಗಳುತ್ತದೆ. ಬಂದವರು ಬ್ಯಾಂಕಿನವರೋ ಭಟ್ರೋ ಆದರೆ ಒಳಗಿನಿಂದ ಸ್ವರ ಬರುತ್ತದೆ: "ಹೆದರ್ಬೇಡಿ, ಅದು ಎಂತ ಮಾಡುದಿಲ್ಲ, ಬನ್ನಿ ಬನ್ನಿ." ನಾವು ಬಂದರೆ: "ಅಲ್ಲೇ ನಿಲ್ಲು ಮಾರಾಯ, ನಾಯಿ ಉಂಟು." ಒಂದೇ ನಾಯಿ, ಅದೇ ಹಲ್ಲು. ಒಬ್ಬರಿಗೆ ಕಚ್ಚುವುದಿಲ್ಲ, ಇನ್ನೊಬ್ಬರಿಗೆ ಕಚ್ಚುತ್ತದೆ. ಹಿಂದೆ "ನೀನು ಮುಟ್ಟಿಸಿಕೊಳ್ಳಬೇಡ" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಈಗ ಕಾನೂನು ಇದೆ, ನಾಚಿಕೆಯೂ ಒಂದಿಷ್ಟು ಇದೆ. ಆದ್ದರಿಂದ ನಾಯಿಯನ್ನು ಮುಂದೆ ಬಿಡುತ್ತಾರೆ. ನಾಯಿಯ ಮೇಲೆ ಯಾವ ಕೋರ್ಟಿನಲ್ಲಿ ದಾವೆ ಹೂಡುವುದು?

"ಮೂಕಪ್ರಾಣಿ, ಅದಕ್ಕೆ ಎಂತ ಗೊತ್ತುಂಟು" ಎಂಬ ಮಾತು ನಮಗೆ ಉತ್ತರವಾಗಿ ಬರುತ್ತದೆ. ಈ ಮಾತಿನ ಹಿಂದೆ ಅಡಗಿ ಕೂತವರು ಯಾರು ಎಂದು ನೋಡಬೇಕಾಗಿದೆ. ನಾಯಿಗೆ ಮನು ಗೊತ್ತಿಲ್ಲ, ನಿಜ. ಅದು ಓದುವುದು ವಾಸನೆಯನ್ನು, ನಡಿಗೆಯನ್ನು, ಒಡೆಯನ ಗಂಟಲನ್ನು. ಒಡೆಯನ ಸ್ವರ ಗಡುಸಾದರೆ ಅದರ ಬೆನ್ನಿನ ಕೂದಲು ಎದ್ದು ನಿಲ್ಲುತ್ತದೆ. ಒಡೆಯ ಎದ್ದು ಕುರ್ಚಿ ಎಳೆದು ಹಾಕಿದರೆ ಅದು ಬಂದವರ ಕಾಲು ಮೂಸಿ ಸುಮ್ಮನೆ ಮಲಗುತ್ತದೆ. ಹತ್ತು ಸಲ ಹೀಗಾದ ಮೇಲೆ ಹನ್ನೊಂದನೆಯ ಸಲಕ್ಕೆ ಒಡೆಯ ಮನೆಯಲ್ಲಿ ಇರಬೇಕಾಗಿಯೇ ಇಲ್ಲ.

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಗಳನ್ನು ಸಾಕಿ, ನೋಡಿ, ಬರೆದಿಟ್ಟು 1965ರಲ್ಲಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು. ಅವರು ಕಂಡುಕೊಂಡದ್ದು ಇಷ್ಟು: ಮರಿ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲ ಅದರ ಬಾಳಿನ ಪಾಠಶಾಲೆ. ಆಗ ಯಾರನ್ನು ಕಾಣುತ್ತದೋ, ಯಾರ ಕೈ ಮೂಸುತ್ತದೋ ಅವರು ಅದಕ್ಕೆ ತನ್ನವರು. ಆ ಬಾಗಿಲು ಮುಚ್ಚಿದ ಮೇಲೆ ಬಂದವರು ಹೊರಗಿನವರು. 1961ರ ಇನ್ನೊಂದು ಪ್ರಯೋಗದಲ್ಲಿ ಮನುಷ್ಯರ ಸಂಪರ್ಕವೇ ಇಲ್ಲದೆ ಹದಿನಾಲ್ಕು ವಾರ ಬೆಳೆದ ಮರಿಗಳು ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಮನುಷ್ಯರನ್ನು ಸರಿಯಾಗಿ ಹತ್ತಿರ ಸೇರಿಸಲಿಲ್ಲ. ಪೇಟೆಯಲ್ಲಿ ಜಾತಿನಾಯಿ ಸಾಕುವವರು (ಈ 'ಜಾತಿನಾಯಿ' ಎಂಬ ಶಬ್ದವನ್ನು ಸ್ವಲ್ಪ ಗಮನಿಸಿ) ಇದನ್ನು ಸೋಶಿಯಲೈಸೇಶನ್ ಎನ್ನುತ್ತಾರೆ. ಮರಿಗೆ ಕೊಡೆ ತೋರಿಸಬೇಕು, ಸ್ಕೂಟರು ತೋರಿಸಬೇಕು, ಗಡ್ಡದವರನ್ನು, ಮಕ್ಕಳನ್ನು, ಮುದುಕರನ್ನು ತೋರಿಸಬೇಕು ಎಂದು ಪಟ್ಟಿ ಮಾಡುತ್ತಾರೆ. ನಮ್ಮ ಅಜ್ಜಿಯಂದಿರು ಪಟ್ಟಿ ಇಲ್ಲದೆ ಇಷ್ಟೇ ಹೇಳುತ್ತಿದ್ದರು, ಮರಿಗೆ ಜನರ ಬಳಕೆ ಆಗಬೇಕು ಅಂತ.

ಹಾಗಾದರೆ ಅಡಿಕೆ ತೋಟದ ಮನೆಯ ಮರಿಗೆ ಆ ವಾರಗಳಲ್ಲಿ ಯಾರ ಬಳಕೆ ಆಗುತ್ತದೆ? ಚಾವಡಿಗೆ ಬರುವವರದು. ಚಾಪೆಯಲ್ಲಿ ಕೂರುವವರದು, ಲೋಟದಲ್ಲಿ ಕಾಫಿ ಕುಡಿಯುವವರದು. ಹಿತ್ತಿಲ ಕಡೆಯಿಂದ ಬಂದು, ಹಟ್ಟಿ ಗೊಬ್ಬರ ಹೊತ್ತು, ಹಿತ್ತಿಲ ಕಡೆಯಿಂದಲೇ ಹೋಗುವವರನ್ನು ಅದು ದೂರದಿಂದ ಕಾಣುತ್ತದೆ, ಅದೂ ತಲೆ ಬಗ್ಗಿಸಿ ನಡೆಯುವವರಾಗಿ. ಇಲ್ಲಿ ಯಾರೂ ನಾಯಿಗೆ ಜಾತಿ ಕಲಿಸಲು ಕೂರಲಿಲ್ಲ. ಮನೆ ನಡೆಯುವ ಕ್ರಮವೇ ಕಲಿಸಿತು. 1974ರ ಭೂಸುಧಾರಣೆಯ ನಂತರ ನಮ್ಮ ಜಿಲ್ಲೆಯಲ್ಲಿ ಗೇಣಿದಾರರು ಒಡೆಯರಾದರು. ಅದು ದೊಡ್ಡ ಸಂಗತಿ, ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಗೇಣಿಚೀಟಿಯೂ ಇಲ್ಲದೆ ಬರೀ ಮೈಮುರಿದು ದುಡಿದವರಿಗೆ ಎಷ್ಟು ಸಿಕ್ಕಿತು? ಹೊಸ ಒಡೆಯರ ಮನೆಗೂ ತಡಮೆ ಹೋಗಿ ಗೇಟು ಬಂತು. ಗೇಟಿನ ಹಿಂದೆ ನಾಯಿ ಬಂತು. ಆ ನಾಯಿಯೂ ಬೇಗ ಕಲಿಯಿತು.

ಇನ್ನೊಂದು ವಿಚಾರ ಹೇಳದಿದ್ದರೆ ಆಗುವುದಿಲ್ಲ. ತೋಟದ ಮನೆಗಳ ಎಷ್ಟೋ ನಾಯಿಗಳು ಹುಟ್ಟಿದ್ದು ನಮ್ಮ ಕಾಲೋನಿಯಲ್ಲೇ. ನಮ್ಮಲ್ಲಿ ಹೆಣ್ಣುನಾಯಿ ಮರಿ ಹಾಕಿದೆ ಎಂದು ಗೊತ್ತಾದರೆ ಒಂದೂವರೆ ತಿಂಗಳಿಗೆ ಗೋಣಿಚೀಲ ಹಿಡಿದು ಬರುತ್ತಾರೆ. "ಗಂಡುಮರಿ ಇದ್ದರೆ ಒಂದು ಕೊಡು, ತೋಟಕ್ಕೆ ಹಂದಿ ಕಾಟ." ಕೊಡುತ್ತೇವೆ. ನಮ್ಮ ಗಂಜಿಯ ತಿಳಿ, ಬೂತಾಯಿ ಮೀನಿನ ತಲೆ ತಿಂದು ಎದ್ದ ಮರಿ ಅದು. ನಮ್ಮ ಮಕ್ಕಳ ಚಾಪೆಯಲ್ಲಿ ಮಲಗಿದ್ದು. ಅಲ್ಲಿ ಹೋದ ಕೂಡಲೇ ಅದಕ್ಕೆ ಮೈಲಿಗೆ ಇಲ್ಲ. ಜಗಲಿ ಹತ್ತುತ್ತದೆ, ಒಡೆಯನ ಮಗುವಿನ ಕೆನ್ನೆ ನೆಕ್ಕುತ್ತದೆ. ಅದನ್ನು ಹೆತ್ತ ನಾಯಿಗೆ ಅನ್ನ ಹಾಕಿದವಳು ಮಾತ್ರ ಅಂಗಳದ ತುದಿಯಲ್ಲೇ ನಿಲ್ಲಬೇಕು. ಮೈಲಿಗೆ ಎಂಬುದು ವಾಸನೆಯಲ್ಲೋ ಕೊಳೆಯಲ್ಲೋ ಇದ್ದಿದ್ದರೆ ಮೊದಲು ಮರಿಗೆ ತಾಗಬೇಕಿತ್ತು.

ಆದರೆ ಕೆಲವು ಮರಿಗಳು ಮರೆಯುವುದಿಲ್ಲ. ಎರಡು ವರ್ಷದ ನಾಯಿ, ಕೊರಳಿಗೆ ಸಂಕೋಲೆ, ಗೇಟಿನ ಹತ್ತಿರ ಎಲ್ಲರ ಮೇಲೂ ಹಾರುವಂಥದ್ದು, ನಮ್ಮ ಹೆಂಗಸೊಬ್ಬಳನ್ನು ಕಂಡು ನೆಲಕ್ಕೆ ಬಿದ್ದು ಹೊಟ್ಟೆ ತೋರಿಸಿ ಕುಂಯ್ ಎನ್ನುವುದನ್ನು ನಾವು ನೋಡಿದ್ದೇವೆ. ಆಗ ಒಡೆಯನ ಮುಖವನ್ನೂ ನೋಡಿದ್ದೇವೆ. "ಈ ನಾಯಿ ಕಾವಲಿಗೆ ಆಗುದಿಲ್ಲ" ಎಂದ. ಕಳ್ಳ ಬಂದಾಗ ಸುಮ್ಮನಿದ್ದ ನಾಯಿಯಲ್ಲ ಅದು. ಗುರುತು ಹಿಡಿದದ್ದೇ ಅದರ ತಪ್ಪು.

ಫ್ರಾನ್ಸಿನ ಯಹೂದಿ ತತ್ವಜ್ಞಾನಿ ಲೆವಿನಾಸ್ 1975ರಲ್ಲಿ ಒಂದು ಸಣ್ಣ ಲೇಖನ ಬರೆದ. ಎರಡನೆಯ ಮಹಾಯುದ್ಧದಲ್ಲಿ ಅವನು ಜರ್ಮನಿಯ ಶಿಬಿರವೊಂದರಲ್ಲಿ ಸೆರೆಯಾಳು. ದಾರಿಯಲ್ಲಿ ಹೋಗುವ ಹೆಂಗಸರು, ಮಕ್ಕಳು ಕೂಡ ಈ ಸೆರೆಯಾಳುಗಳನ್ನು ಮನುಷ್ಯರೆಂದು ನೋಡುತ್ತಿರಲಿಲ್ಲವಂತೆ. ಎಲ್ಲಿಂದಲೋ ಬಂದ ಒಂದು ಬೀದಿನಾಯಿ ಮಾತ್ರ ಬೆಳಿಗ್ಗೆ ಅವರು ಸಾಲಾಗಿ ನಿಂತಾಗ, ಸಂಜೆ ದುಡಿದು ಬಂದಾಗ ಕುಣಿದು ಬೊಗಳಿ ಸ್ವಾಗತಿಸುತ್ತಿತ್ತು. ಬಾಬಿ ಎಂದು ಕರೆದರು. ಕೆಲವೇ ವಾರ, ಆಮೇಲೆ ಕಾವಲುಗಾರರು ಓಡಿಸಿಬಿಟ್ಟರು. ಬಾಬಿಗೆ ಇವರು ಮನುಷ್ಯರೆಂಬುದರಲ್ಲಿ ಸಂಶಯವೇ ಇರಲಿಲ್ಲ ಎನ್ನುತ್ತಾನೆ ಲೆವಿನಾಸ್. ಬಾಬಿಯನ್ನು ಕಾವಲಿಗೆಂದು ಯಾರೂ ಪಳಗಿಸಿರಲಿಲ್ಲ, ಅಷ್ಟೇ. ಪಳಗಿಸಿದರೆ ಏನಾಗುತ್ತದೆ ಎಂಬುದನ್ನು 1963ರ ಮೇ ತಿಂಗಳಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರ ತೋರಿಸಿತು. ಸಮಾನತೆ ಕೇಳಿ ಬೀದಿಗಿಳಿದ ಕಪ್ಪು ಹುಡುಗರ ಮೇಲೆ ಪೊಲೀಸರು ನಾಯಿ ಬಿಟ್ಟರು. ಬಾಬಿಯೂ ನಾಯಿ, ಅವೂ ನಾಯಿ.

ಈ ದೇಶದಲ್ಲಿ ನಾಯಿಯನ್ನೂ ನಮ್ಮನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ಇಂದು ನಿನ್ನೆಯಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರೂ ಶ್ವಪಚರೂ ಊರ ಹೊರಗಿರಬೇಕು, ನಾಯಿ ಕತ್ತೆಗಳೇ ಅವರ ಸೊತ್ತು ಎನ್ನುತ್ತದೆ. ಶ್ವಪಚ ಎಂದರೆ ನಾಯಿ ಬೇಯಿಸುವವನು; ಹೆಸರಿನಲ್ಲೇ ನಾಯಿ. ಶಂಕರರನ್ನು ಕಾಶಿಯಲ್ಲಿ ತಡೆದ ಚಂಡಾಲನ ಕತೆಯಲ್ಲೂ ಅವನ ಸುತ್ತ ನಾಲ್ಕು ನಾಯಿ. ಆ ನಾಲ್ಕು ನಾಯಿಗಳೇ ನಾಲ್ಕು ವೇದ, ಚಂಡಾಲನೇ ಶಿವ ಎಂದು ಕತೆ ಮುಗಿಸುತ್ತಾರೆ. ಅವನು ಶಿವನಲ್ಲದೆ ಬರೀ ಚಂಡಾಲನೇ ಆಗಿದ್ದರೆ ಅವನ ಪ್ರಶ್ನೆಯ ಗತಿ ಏನಾಗುತ್ತಿತ್ತು? ಗೀತೆಯ ಐದನೆಯ ಅಧ್ಯಾಯದ ಸಮದೃಷ್ಟಿಯ ಶ್ಲೋಕವನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ. ಜ್ಞಾನಿಯಾದವನು ಯಾರಲ್ಲಿ ಸಮವನ್ನು ಕಾಣಬೇಕು? ಬ್ರಾಹ್ಮಣ, ದನ, ಆನೆ, ನಾಯಿ, ಆಮೇಲೆ ಶ್ವಪಾಕ. ಸಮ ಎಂದು ಹೇಳುವ ಸಾಲಿನಲ್ಲೂ ನಮ್ಮ ಜಾಗ ನಾಯಿಯ ಹಿಂದೆ!

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ನಡೆದು ಹೋಗಿ ನೀರು ಮುಟ್ಟಿದರು. ಪ್ರಾಣಿಗಳಿಗೆ ಇಲ್ಲದ ಅಡ್ಡಿ ಆ ಕೆರೆಯಲ್ಲಿ ಮನುಷ್ಯರಿಗೆ ಇತ್ತು. 1931ರಲ್ಲಿ ಗಾಂಧೀಜಿಯ ಎದುರು ಕೂತು, ನಾಯಿ ಬೆಕ್ಕುಗಳಿಗಿಂತ ಕಡೆಯಾಗಿ ನಮ್ಮನ್ನು ನೋಡುವ ನಾಡನ್ನು ನನ್ನದೆಂದು ಹೇಗೆ ಹೇಳಲಿ ಎಂದು ಕೇಳಿದರು. ಈ ಮಾತು ನಾಯಿಯ ಮೇಲಿನ ಸಿಟ್ಟಲ್ಲ ಎಂಬುದನ್ನು ನಮ್ಮ ಗೆಳೆಯರು ತಿಳಿಯಬೇಕು. ನಾಯಿಗೆ ಸಿಕ್ಕ ಗುಟುಕು ನೀರನ್ನು ಕಸಿಯಿರಿ ಎಂದು ಯಾರೂ ಕೇಳಲಿಲ್ಲ. ನಾಯಿ ಅಲ್ಲಿ ಅಳತೆಗೋಲು ಮಾತ್ರ. ನಮ್ಮ ನೆರೆಯ ಕಣ್ಣೂರಿನ ಪರಶ್ಶಿನಿಕಡವಿನ ಮುತ್ತಪ್ಪನ ಕ್ಷೇತ್ರದಲ್ಲಿ ನಾಯಿಗಳು ಒಳಗೆಲ್ಲ ಓಡಾಡುತ್ತವೆ, ಎಲ್ಲ ಜಾತಿಯ ಜನರೂ ಓಡಾಡುತ್ತಾರೆ. ಯಾವ ಲೋಕವೂ ಮುಳುಗಿಲ್ಲ.

ಎಂಜಲಿನ ಮಾತನ್ನೂ ಆಡಬೇಕು. ಮದುವೆಮನೆಯ ಹಿಂದೆ ಎಲೆ ಬಿಸಾಡುವ ಹೊಂಡದ ಹತ್ತಿರ ನಾಯಿಗಳು ಕಾಯುತ್ತವೆ. ಅದೇ ಹೊಂಡದ ಹತ್ತಿರ ಮನುಷ್ಯರೂ ಕಾದಿದ್ದಾರೆ ಎಂಬುದು ಈ ಜಿಲ್ಲೆಯ ಹಳಬರಿಗೆಲ್ಲ ಗೊತ್ತು. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ಕೊಡುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ಸಾವಿರ ಕಂಬದ ಬಸದಿ ಎದ್ದು ಆರು ಶತಮಾನ ಕಳೆಯುತ್ತ ಬಂತು, ವೇಣೂರಿನ ಗೊಮ್ಮಟ ನಿಂತದ್ದು 1604ರಲ್ಲಿ. ಇರುವೆಗೂ ನೋವಾಗಬಾರದು ಎಂಬ ಅಹಿಂಸೆಯ ಮಾತು ಈ ಮಣ್ಣಿನಲ್ಲಿ ಅಷ್ಟು ಹಳೆಯದು. ಆ ಮಾತನ್ನು ನಾವು ಹಾಸ್ಯ ಮಾಡುವುದಿಲ್ಲ. ಅದು ಇರುವೆಯವರೆಗೆ ಹೋಗಿ ಕೊರಗರ ಕೊಪ್ಪದವರೆಗೆ ಯಾಕೆ ಬರಲಿಲ್ಲ ಎಂದು ಮಾತ್ರ ಕೇಳುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಂಗಳದ ನಾಯಿಯ ಮಾತಿಗೆ ಬರಲೇಬೇಕು. ಶ್ರೇಣೀಕೃತ ಅಸಮಾನತೆ ಎಂದು ಅಂಬೇಡ್ಕರ್ ಕರೆದ ಏಣಿಯಲ್ಲಿ ಪ್ರತಿಯೊಬ್ಬನಿಗೂ ತುಳಿಯಲು ಕೆಳಗೊಂದು ಮೆಟ್ಟಿಲು ಇದೆ. ಎಲ್ಲರಿಗಿಂತ ಕೆಳಗಿನವನಿಗೆ ಯಾರು? ತೋಟದಲ್ಲಿ ಬೈಸಿಕೊಂಡು ಬಂದವನು ಮನೆ ಬಾಗಿಲಲ್ಲಿ ನಾಯಿಗೆ ಒದೆಯುವುದು ಕಾಲೋನಿಗಳಲ್ಲಿ ಅಪರೂಪವಲ್ಲ. ನಾಯಿಯ ನಂತರ ಹೆಂಡತಿ. ಹೊಡೆದು ಬೆಳೆಸಿದ ನಾಯಿ ದೊಡ್ಡವರಿಗೆ ಹೆದರಿ, ಸಣ್ಣ ಮಕ್ಕಳನ್ನು ಕಚ್ಚುತ್ತದೆ. ಇದು ನಾಯಿಯ ಬುದ್ಧಿಯಲ್ಲ, ಪೆಟ್ಟಿನ ಬುದ್ಧಿ. ಹೆಸರಿಡುವುದನ್ನೂ ನೋಡಿ. ಕರಿಯ, ದಾಸ: ನಮ್ಮ ಅಜ್ಜಂದಿರ ಹೆಸರುಗಳು ತೋಟದ ಮನೆಯ ನಾಯಿಗಳಿಗೆ. ಟಿಪ್ಪು ಎಂದು ಕರೆಯುವವರೂ ಇದ್ದಾರೆ. ಅಪ್ಪಿತಪ್ಪಿಯೂ ಯಾರೂ ನಾಯಿಗೆ ಶ್ರೀನಿವಾಸ ಎಂದು ಇಟ್ಟದ್ದು ನಮಗೆ ಗೊತ್ತಿಲ್ಲ.

ಕಟ್ಟಿಹಾಕುವ ಪ್ರಶ್ನೆ ಬೇರೆ ಇದೆ. ಚಾರ್ಮಾಡಿ, ನಾರಾವಿ ಕಡೆ, ಕಾಡಿನ ಅಂಚಿನಲ್ಲಿ, ಚಿರತೆ ರಾತ್ರಿ ಅಂಗಳಕ್ಕೆ ಬರುತ್ತದೆ. ಸಂಕೋಲೆಯಲ್ಲಿರುವ ನಾಯಿಗೆ ಓಡಲು ಆಗುವುದಿಲ್ಲ. ಬೆಳಿಗ್ಗೆ ಕೊರಳಪಟ್ಟಿ ಮಾತ್ರ ಉಳಿದಿರುತ್ತದೆ. ಕಾವಲಿಗೆ ಇಟ್ಟವನು ಒಳಗೆ ಅಗಳಿ ಹಾಕಿಕೊಂಡಿರುತ್ತಾನೆ. ಯಾರದೋ ಸೊತ್ತು ಕಾಯಲು ಹೊರಗೆ ನಿಂತು ಸಾಯುವುದು ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟು, ಹನ್ನೊಂದು ದಿನದಲ್ಲಿ ಅದನ್ನು ಬದಲಿಸಿತು. ದೇಶವೆಲ್ಲ ನಾಯಿಪ್ರಿಯರು, ನಾಯಿವಿರೋಧಿಗಳು ಎಂದು ಎರಡಾಗಿ ಕಿರುಚಾಡಿತು. ಆ ಗಲಾಟೆಯಲ್ಲಿ ಎರಡು ಮೈಲಿ ತೋಟದ ಬದಿಯಲ್ಲಿ ಶಾಲೆಗೆ ನಡೆಯುವ ಮಗುವಿನ ಮಾತು ಕೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹುಚ್ಚುನಾಯಿ ರೋಗಕ್ಕೆ ಜಗತ್ತಿನಲ್ಲಿ ವರ್ಷಕ್ಕೆ 59,000 ಜನ ಸಾಯುತ್ತಾರೆ. ಕಚ್ಚಿಸಿಕೊಂಡು ಚಿಕಿತ್ಸೆ ಬೇಕಾಗುವವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಕಚ್ಚಿದ ಕೂಡಲೇ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೂಜಿ ಒಂದಲ್ಲ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ ಮೂರು, ಏಳು, ಇಪ್ಪತ್ತೆಂಟನೆಯ ದಿನ. ಬೀಡಿ ಕಟ್ಟುವ ತಾಯಿಗೆ ನಾಲ್ಕು ದಿನದ ಕೂಲಿ ಹೋಯಿತು. ಮೂರನೆಯ ಸೂಜಿಗೆ ಅವಳು ಹೋಗದಿದ್ದರೆ ಅದನ್ನು ಅಜ್ಞಾನ ಎಂದು ಬರೆಯುತ್ತಾರೆ. ಹಳ್ಳಿಯ ಮೇಷ್ಟ್ರುಗಳು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಹೇಳಬೇಕು. ಮೂರು ತಿಂಗಳಾದ ಮರಿಗೆ ಸೂಜಿ ಹಾಕಿಸಲು ಪಶುವೈದ್ಯರನ್ನು ಕಾಲೋನಿಗೇ ಕರೆಸಬೇಕು. ಶಿಬಿರ ಯಾವಾಗಲೂ ಗೇಟಿರುವ ಮನೆಯ ಅಂಗಳದಲ್ಲೇ ಯಾಕೆ?

ಬೆಳ್ತಂಗಡಿ ಕಡೆಯ ಒಂದು ಕಾಲೋನಿಯಲ್ಲಿ ಕಳೆದ ಮಳೆಗಾಲದಲ್ಲಿ ನಡೆದದ್ದು. ಎಂದಿನಂತೆ ತೋಟದವರು ಮರಿ ಕೇಳಿಕೊಂಡು ಬಂದರು. ಮನೆಯಾಕೆ ಕೊಡುತ್ತೇನೆ ಎಂದಳು, ಒಂದು ಷರತ್ತು ಹಾಕಿದಳು: "ನನ್ನ ಮಗಳು ಇದಕ್ಕೆ ಹಾಲು ಕುಡಿಸಿ ಬದುಕಿಸಿದ್ದು. ಅವಳು ಆದಿತ್ಯವಾರ ಬಂದು ಇದನ್ನು ಆಡಿಸಿ ಹೋಗ್ತಾಳೆ. ಗೇಟಿನ ಹೊರಗೆ ಅಲ್ಲ, ನಿಮ್ಮ ಜಗಲಿಯಲ್ಲಿ. ಆಗುದಾದ್ರೆ ಕೊಂಡೋಗಿ." ಬಂದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಕ್ಕೆಂತ, ಬರ್ಲಿ" ಎಂದು ಮರಿಯನ್ನು ಎತ್ತಿಕೊಂಡು ಹೋದರು. ಹುಡುಗಿ ಎರಡು ಸಲ ಹೋಗಿ ಬಂದಳು, ಜಗಲಿಯಲ್ಲೇ ಕೂತಳಂತೆ. ಮೂರನೆಯ ಸಲ ಗೇಟಿಗೆ ಬೀಗ ಇತ್ತು, ಒಳಗೆ ಜನರ ಮಾತು ಕೇಳುತ್ತಿತ್ತು. ಮರಿ ಸರಳಿನ ಸಂದಿಯಿಂದ ಮೂತಿ ಹಾಕಿ ಅವಳ ಕೈ ನೆಕ್ಕಿತು. ಬರುವ ಆದಿತ್ಯವಾರ ತಾಯಿಯೂ ಜೊತೆಗೆ ಹೋಗುತ್ತಾಳೆ. ಆ ಕಾಲೋನಿಯ ಇನ್ನೂ ನಾಲ್ಕು ಮನೆಯವರು, ಅದೇ ತೋಟದಲ್ಲಿ ಅಡಿಕೆ ಸುಲಿಯುವವರು, ತಾವೂ ಬರುತ್ತೇವೆ ಎಂದಿದ್ದಾರೆ.