ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಹಳೆಯ ಟಾಟಾ 1210 ಲಾರಿ ಲೋಡು ಸೇರಿ ಸುಮಾರು 12 ಟನ್ ತೂಗುತ್ತದೆ. ಉದ್ದ, ಅಗಲ, ಎತ್ತರ ಮೂರನ್ನೂ 24ರಲ್ಲಿ ಒಂದು ಪಾಲಿಗೆ ಇಳಿಸಿದರೆ ತೂಕ ಇಳಿಯುವುದು 24ರಲ್ಲಿ ಒಂದು ಪಾಲಿಗಲ್ಲ, 13,824ರಲ್ಲಿ ಒಂದು ಪಾಲಿಗೆ. ಅಂದರೆ 870 ಗ್ರಾಂ ಆಸುಪಾಸು. ನನ್ನ ಕಪಾಟಿನ 1210 ಅಷ್ಟೂ ತೂಗುವುದಿಲ್ಲ. ಅದಕ್ಕೆ ಎಂಜಿನ್ ಇಲ್ಲ, ಲೋಡೂ ಇಲ್ಲ. ಬಣ್ಣ ಹಿಡಿಯುವ ಮೈ 576ರಲ್ಲಿ ಒಂದು ಪಾಲು. ಬಿ.ಸಿ.ರೋಡಿನ ಬದಿಯ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಮರ, ತಗಡು, ಬಣ್ಣದ ಲೆಕ್ಕ ಬರೆದವನು ನಾನು. ಊರವರಿಗೆ ಈಗಲೂ ‘ರೈಟರ್’. ಗುಣಾಕಾರ ಭಾಗಾಕಾರ ಬಿಟ್ಟರೆ ನನಗೆ ಬೇರೆ ಧ್ಯಾನ ಗೊತ್ತಿಲ್ಲ. ಆದರೆ ಲಾರಿಯನ್ನು ಚಿಕ್ಕದು ಮಾಡುತ್ತಾ ಕೂತಾಗ ಈ ಲೆಕ್ಕಕ್ಕೆ ಬಗ್ಗದ ಕೆಲವು ಸಂಗತಿಗಳು ಎದುರಾಗುತ್ತವೆ. ಅವುಗಳ ಬಗ್ಗೆಯೇ ಬರೆಯಬೇಕೆನಿಸಿತು.

ಬಣ್ಣದಿಂದ ಶುರು ಮಾಡುತ್ತೇನೆ. ಮೈ ಚಿಕ್ಕದಾದರೂ ಬಣ್ಣದ ಪದರ ತಾನಾಗಿ ತೆಳ್ಳಗಾಗುವುದಿಲ್ಲ. ಲಾರಿಗೆ ಹೊಡೆದ ಹಾಗೆ ಹೊಡೆದರೆ ಬಾಗಿಲಿನ ಗೀರು, ಬಾನೆಟ್ಟಿನ ರಿವೆಟ್ಟು ಎಲ್ಲ ಮುಳುಗಿ ಹೋಗುತ್ತವೆ. ಹಾಗಾಗಿ ತಿನ್ನರ್ ಜಾಸ್ತಿ ಹಾಕಿ, ಗಾಳಿಯಂತೆ ಒಂದೊಂದೇ ಪದರ ಕೂರಿಸಿ, ನಡುವೆ 1000, 2000 ನಂಬರಿನ ನೀರು ಪೇಪರಿನಲ್ಲಿ ಉಜ್ಜಬೇಕು. ಇನ್ನೊಂದು ಗುಟ್ಟುಂಟು. ಲಾರಿಗೆ ಬಳಿದ ಅದೇ ಡಬ್ಬಿಯ ಕೆಂಪನ್ನು ಮಾದರಿಗೆ ಬಳಿದರೆ ಅದು ಕಪ್ಪಿಟ್ಟ ಹಾಗೆ ಕಾಣುತ್ತದೆ. ದೂರದ ವಸ್ತುವಿನ ಬಣ್ಣ ನಡುವಿನ ಗಾಳಿಯಿಂದಾಗಿ ಕಣ್ಣಿಗೆ ತುಸು ಮಾಸಿ ಕಾಣುವುದಲ್ಲವೇ, ಆ ಮಾಸಲನ್ನು ನಾವೇ ಬೆರೆಸಬೇಕು. ಕೆಂಪಿಗೆ ಒಂದೆರಡು ಹನಿ ಬಿಳಿ. ಅಸಲಿನ ಹಾಗೆ ಕಾಣಬೇಕಾದರೆ ಅಸಲಿನ ಬಣ್ಣವನ್ನೇ ಕೈಬಿಡಬೇಕು.

ನಮ್ಮ ಕಡೆ ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಕೂರುವುದೇ ಬೇಡ. ತಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅದರ ಮೇಲೆ ಕೂರುತ್ತದೆ, ಚಂದದ ನೀಲಿಯ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮುಸುಕು. ಹೊರಗೆ ನೇತ್ರಾವತಿ ತುಂಬಿ ಹರಿಯುವಾಗ ನಾನು ರಟ್ಟಿನ ಪೆಟ್ಟಿಗೆಯೊಳಗೆ 60 ವಾಟಿನ ಬಲ್ಬು ಉರಿಸಿ ಲಾರಿಗೆ ಶಾಖ ಕೊಡುತ್ತೇನೆ. ಮಳೆಯ ತೇವಕ್ಕೆ 24ರ ಲೆಕ್ಕ ಗೊತ್ತಿಲ್ಲ. ದೊಡ್ಡ ಲಾರಿಗೆ ಬರುವಷ್ಟೇ ಚಿಕ್ಕದಕ್ಕೂ ಬರುತ್ತದೆ.

ಟಾಮಿಯಾ, ರೆವೆಲ್, ಇಟಾಲೆರಿ ಎಂದೆಲ್ಲ ಬಿಡಿಭಾಗಗಳ ಪೆಟ್ಟಿಗೆಗಳು ಸಿಗುತ್ತವೆ, ತರಿಸಿಕೊಂಡರೆ. ಸ್ಕಾನಿಯಾ, ವೋಲ್ವೊ ಕಟ್ಟಬಹುದು. ಮೂತಿ ಮುಂದೆ ಚಾಚಿದ ನಮ್ಮ 1210 ಅವುಗಳಲ್ಲಿ ನನಗೆ ಸಿಕ್ಕಿಲ್ಲ. ಹಾಗಾಗಿ ಫ್ಲೆಕ್ಸ್ ಅಂಗಡಿಯವರು ಕತ್ತರಿಸಿ ಎಸೆಯುವ ಸನ್‌ಬೋರ್ಡಿನ ಚೂರು, ಫೆವಿಕ್ವಿಕ್, ಕಟ್ಟರ್, ಪುಟ್ಟಿ ಇವಿಷ್ಟೇ ನನ್ನ ಬಂಡವಾಳ. ಆ ಮೂತಿಗೂ ಒಂದು ಕತೆ ಉಂಟು. ಟೆಲ್ಕೊದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಸೇರಿ ಲಾರಿ ಮಾಡತೊಡಗಿದರು. 1969ರಲ್ಲಿ ಒಪ್ಪಂದ ಮುಗಿಯಿತು, ಬಾನೆಟ್ಟಿನ ಮೇಲಿನ ನಕ್ಷತ್ರ ಹೋಗಿ ‘ಟಿ’ ಬಂತು, ಮೂತಿ ಮಾತ್ರ ಬೆಂಜಿನದೇ ಉಳಿಯಿತು. ನಾನು ನಕಲು ಮಾಡುತ್ತಿರುವ ಅಸಲೇ ಇನ್ನೊಂದರ ನಕಲು. ಮಧ್ವಾಚಾರ್ಯರ ಮತದಲ್ಲಿ ಪ್ರತಿಬಿಂಬ ಸದಾ ಬಿಂಬಕ್ಕೆ ಅಧೀನ, ಅದು ಬಿಟ್ಟು ಇದಕ್ಕೆ ಇರವಿಲ್ಲ. ನನ್ನ ವಿಷಯದಲ್ಲಿ ಬಿಂಬ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಪ್ರತಿಬಿಂಬ ಕಪಾಟಿನಲ್ಲಿ ಕೂತಿದೆ. ಆಚಾರ್ಯರು ಲಾರಿಯನ್ನು ಮನಸ್ಸಿನಲ್ಲಿಟ್ಟು ಹೇಳಿದ್ದಲ್ಲ ಬಿಡಿ.

ಲಾರಿಯ ಹಣೆಯ ಮೇಲೆ ಹೆಸರು ಬರೆಯುವುದು ಕೊನೆಯ ಕೆಲಸ. ಈ ಹೆದ್ದಾರಿಯಲ್ಲಿ ಎಲ್ಲ ಹೆಸರೂ ಓಡುತ್ತವೆ: ಪೊಳಲಿ ರಾಜರಾಜೇಶ್ವರಿ, ಕಟೀಲು, ಕೊರಗಜ್ಜ, ಅಜ್ಮೀರ್, ಸಂತ ಅಂತೋನಿ. ಹಿಂದೆ ಬರೆಯುವ ಮಾತುಗಳು ತಮಾಷೆಗೆ, ಹಣೆಯ ಹೆಸರು ತಮಾಷೆಗಲ್ಲ. ಇಲ್ಲಿಂದ ಹೊರಟ ಲಾರಿ ಶಿರಾಡಿ ಹತ್ತಬೇಕು, ಇಲ್ಲವೇ ಚಾರ್ಮಾಡಿ. ತಿರುವಿನಲ್ಲಿ ಎದುರಿಂದ ಗ್ಯಾಸ್ ಟ್ಯಾಂಕರ್ ಬಂದಾಗ ಆ ಹೆಸರೇ ಗತಿ. ನನ್ನ ಲಾರಿ ಯಾವ ಘಾಟಿಯನ್ನೂ ಹತ್ತುವುದಿಲ್ಲ. ಭಯವಿಲ್ಲದ ಕಡೆ ದೇವರ ಹೆಸರು ಬರೆದರೆ ಅದು ಪ್ರಾರ್ಥನೆಯೋ ಬರೀ ಅಲಂಕಾರವೋ? ಸೊನ್ನೆ ಸೊನ್ನೆ ನಂಬರಿನ ಬ್ರಶ್ಶು ಹಿಡಿದು, ಉಸಿರು ಬಿಗಿಹಿಡಿದು ‘ಪೊಳಲಿ’ಯ ‘ಳ’ ಸುತ್ತುವಾಗ ಮಾತ್ರ ನನಗೆ ಅನುಮಾನ ಇರುವುದಿಲ್ಲ. ಬರೆದು ಮುಗಿದ ಮೇಲೆ ಬರುತ್ತದೆ.

ನನ್ನ ಈ ಕೆಲಸದ ನೇರ ತಿರುಗುಮುರುಗು ನೋಡಬೇಕಾದರೆ ಸುರ್ಯಕ್ಕೆ ಹೋಗಬೇಕು. ಬೆಳ್ತಂಗಡಿ ದಾಟಿ ಉಜಿರೆಯಿಂದ ಒಳಕ್ಕೆ ಹೊರಳಿದರೆ ನಡ ಗ್ರಾಮದಲ್ಲಿ ಸದಾಶಿವ ರುದ್ರ ದೇವಸ್ಥಾನ. ಅಲ್ಲಿ ಮಣ್ಣಿನ ಹರಕೆ. ಮಗು ಬೇಕಾದವರು ಮಣ್ಣಿನ ಮಗು, ಮನೆ ಬೇಕಾದವರು ಮಣ್ಣಿನ ಮನೆ, ಕಾಲು ನೋವಿನವರು ಮಣ್ಣಿನ ಕಾಲು ಒಪ್ಪಿಸುತ್ತಾರೆ. ವಾಹನ ಬೇಕಾದವರಿಗೆ ಕಾರು, ಜೀಪು. ಒಪ್ಪಿಸಿದ್ದೆಲ್ಲ ಹರಕೆ ಬನದಲ್ಲಿ ಮರಗಳ ಕೆಳಗೆ ರಾಶಿ ಬಿದ್ದಿದೆ, ಮೇಲಿನದು ಕೆಳಗಿನದನ್ನು ಮುಚ್ಚಿಕೊಂಡು. ನಾನು ಕೈಕಟ್ಟಿ ನಿಂತು ಒಂದು ಕಾರನ್ನೇ ನೋಡಿದೆ. ಚಕ್ರ ಎಂದರೆ ಬೆರಳಿನಿಂದ ಒತ್ತಿದ ನಾಲ್ಕು ಬಿಲ್ಲೆ. ಗಾಜಿನ ಜಾಗದಲ್ಲಿ ಕಡ್ಡಿಯಿಂದ ಎಳೆದ ಗೆರೆ. ಯಾವ ಕಂಪನಿ, ಯಾವ ಮಾಡೆಲ್ ಎಂದು ಬ್ರಹ್ಮನೂ ಹೇಳಲಾರ. ಮಾಡಿದವನಿಗೆ ಕೊಳ್ಳುವವನು ಯಾರೆಂದು ಗೊತ್ತಿಲ್ಲ. ಆಲ್ಟೊ ಬೇಡಿದವನಿಗೂ ಇನ್ನೋವಾ ಬೇಡಿದವನಿಗೂ ಅದೇ ಕಾರು. ರುದ್ರನಿಗೆ ಅಷ್ಟು ಸಾಕು. ರಿವೆಟ್ಟು ಎಣಿಸುವ ನನ್ನಂಥವನ ಕೆಲಸ ಅಲ್ಲಿ ಯಾರಿಗೂ ಬೇಡ.

ಬೇಡಿಕೆಗೆ ಹೋಲಿಕೆ ಅಷ್ಟೊಂದು ಬೇಕಿಲ್ಲ, ಹೋಲಿಕೆಗೆ ಬೇಡಿಕೆಯೇ ಇಲ್ಲ. ಸುರ್ಯದಲ್ಲಿ ದೊಡ್ಡದರ ಆಸೆಗೆ ಚಿಕ್ಕದನ್ನು ಕೊಟ್ಟು, ಹಿಂದೆ ನೋಡದೆ ಬರುತ್ತಾರೆ. ನಾನು ಚಿಕ್ಕದನ್ನು ಗಾಜಿನ ಬಾಗಿಲ ಹಿಂದೆ ಇಟ್ಟುಕೊಂಡಿದ್ದೇನೆ. ಲಾರಿ ತೆಗೆದುಕೊಳ್ಳಲಾಗದ ಸಂಕಟಕ್ಕೆ ಲಾರಿ ಗೊಂಬೆ ಮಾಡುತ್ತಾನೆ ಎಂದು ಹತ್ತಿರದ ನೆಂಟರು ಹೇಳುವುದುಂಟು. ಪ್ರಾಯದಲ್ಲಿ ಆಸೆ ಇದ್ದದ್ದು ಹೌದು. ಆದರೆ ಟ್ಯಾಕ್ಸು, ಪರ್ಮಿಟ್ಟು, ಟಯರು, ಬ್ಯಾಂಕಿನ ಕಂತು ಎಂದು ಮಾಲಕರು ಶೆಡ್ಡಿನ ಬೆಂಚಿನಲ್ಲಿ ತಲೆಗೆ ಕೈಹೊತ್ತು ಕೂರುವುದನ್ನು ನೋಡಿ ನೋಡಿ ಅದು ಎಂದೋ ಇಳಿದುಹೋಯಿತು. ಆಸೆ ಹೋದ ಮೇಲೆ ಲಾರಿ ನನಗೆ ಮೊದಲ ಬಾರಿ ಸರಿಯಾಗಿ ಕಾಣತೊಡಗಿತು: ಬಾಡಿಯ ಮರದ ಪಟ್ಟಿಗಳು, ಮಡ್‌ಗಾರ್ಡಿನ ಬಾಗು, ಡ್ರೈವರನ ಮೊಣಕೈ ತಾಗಿ ಬಣ್ಣ ಸವೆದ ಬಾಗಿಲಿನ ಅಂಚು.

ಮನೆಯವಳ ಲೆಕ್ಕ ಬೇರೆ. ಆಯುಧಪೂಜೆಯ ದಿನ ಕಟ್ಟರ್, ಸ್ಟೀಲ್ ಸ್ಕೇಲು, ಏರ್‌ಬ್ರಶ್ಶಿನ ಕಂಪ್ರೆಸರ್ ಎಲ್ಲಕ್ಕೂ ಕುಂಕುಮ ಹಚ್ಚಿ ಹೂ ಇಡುತ್ತಾಳೆ. ಕಪಾಟಿನ ಲಾರಿಗಳನ್ನು ಮುಟ್ಟುವುದಿಲ್ಲ. ಕೇಳಿದರೆ, “ಅವು ಎಂತ ಕೆಲಸ ಮಾಡ್ತವೆ?” ಅಂತಾಳೆ. ನ್ಯಾಯವೇ.

ಹೀಗೆ ಆಸೆ ಹೋದ ಮೇಲೆ ಕಣ್ಣು ತೆರೆಯಿತು ಎಂಬ ನನ್ನ ಸಿದ್ಧಾಂತವನ್ನು ಮೂಡುಬಿದಿರೆಯ ಜೈನ ಮಿತ್ರರೊಬ್ಬರ ಮುಂದೆ ಹೆಮ್ಮೆಯಿಂದಲೇ ಇಟ್ಟೆ. ಅವರು ಕಪಾಟು ನೋಡಿದರು. “ಪರಿಗ್ರಹಕ್ಕೆ ಮಿತಿ ಎಷ್ಟು ಇಟ್ಟುಕೊಂಡಿದ್ದೀರಿ ರೈಟ್ರೇ?” ಎಂದು ಕೇಳಿದರು. ಗೃಹಸ್ಥರಾದ ಜೈನರು ತಮ್ಮ ಆಸ್ತಿಗೆ ತಾವೇ ಒಂದು ಮಿತಿ ಹಾಕಿಕೊಳ್ಳುವ ವ್ರತ ಉಂಟು. ಇವು ಸನ್‌ಬೋರ್ಡಿನ ಚೂರುಗಳು ಮಾರಾಯ್ರೇ, ಗುಜರಿಗೆ ಹಾಕಿದರೆ ಹತ್ತು ರೂಪಾಯಿ ಹುಟ್ಟದು ಎಂದೆ. ಅವರು ಸಮಾಧಾನದಿಂದ ವಿವರಿಸಿದರು. ಹೊರಗಿನ ಪರಿಗ್ರಹ 10 ಬಗೆ: ಹೊಲ, ಮನೆ, ಧನ, ಧಾನ್ಯ ಹೀಗೆ. ಒಂದು ಪಟ್ಟಿಯಲ್ಲಿ ವಾಹನವೂ ಬರುತ್ತದೆ. ಒಳಗಿನ ಪರಿಗ್ರಹ 14: ಕೋಪ, ಗರ್ವ, ಲೋಭ, ಭಯ, ಮೆಚ್ಚು ಇತ್ಯಾದಿ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದು ಕರೆದದ್ದು ವಸ್ತುವನ್ನಲ್ಲ, ಅದರ ಮೇಲಿನ ಮಮಕಾರವನ್ನು. “ನಿಮ್ಮ ಲಾರಿ ಮೊದಲ ಪಟ್ಟಿಯಿಂದ ತಪ್ಪಿಸಿಕೊಂಡಿದೆ, ಎರಡನೆಯದರಿಂದ ತಪ್ಪಿಸಿಕೊಂಡಿಲ್ಲ” ಅಂದರು.

ನನ್ನ ಲೆಕ್ಕಕ್ಕೆ ಬಿದ್ದ ಪೆಟ್ಟು ಅದು. ತೂಕ 13,824ರಲ್ಲಿ ಒಂದಾಗುತ್ತದೆ, ಬಣ್ಣ 576ರಲ್ಲಿ ಒಂದು, ಉದ್ದ 24ರಲ್ಲಿ ಒಂದು. ಮಮಕಾರಕ್ಕೆ ಮಾತ್ರ ಭಾಗಾಕಾರವಿಲ್ಲ. ಕನ್ನಡಿ ಮುರಿದ ಲಾರಿ ಎದುರು ಮಾಲಕ ಪಡುವ ಸಂಕಟವನ್ನೇ ನಾನು ಅಕ್ಕಿಕಾಳಿನಷ್ಟರ ಕನ್ನಡಿ ಉದುರಿದಾಗ ಪಟ್ಟಿದ್ದೇನೆ, ಒಂದು ಗ್ರಾಂ ಕೂಡ ಕಡಿಮೆಯಿಲ್ಲದೆ. (10 ಮತ್ತು 14 ಕೂಡಿಸಿದರೆ 24 ಆಗುವುದು ಕಾಕತಾಳೀಯ. ಆದರೂ ಲೆಕ್ಕ ಬರೆದವನ ಕಣ್ಣಿಗೆ ಬೀಳದೆ ಇರುತ್ತದೆಯೇ?)

ಅಳತೆಯ ವಿಷಯದಲ್ಲಿ ಜೈನರಷ್ಟು ಧಾರಾಳಿಗಳು ಇನ್ನಿಲ್ಲ. ಬಾಹುಬಲಿ ಶ್ರವಣಬೆಳಗೊಳದಲ್ಲಿ 58 ಅಡಿ, ಕಾರ್ಕಳದಲ್ಲಿ 42, ಧರ್ಮಸ್ಥಳದಲ್ಲಿ 39, ವೇಣೂರಿನಲ್ಲಿ 35. ಮೂಡುಬಿದಿರೆಯ ಗುರು ಬಸದಿಯ ರತ್ನಬಿಂಬಗಳಾದರೆ ಅಂಗೈಯಲ್ಲಿ ಹಿಡಿಯುವಷ್ಟು. ನಮಸ್ಕಾರ ಎಲ್ಲಕ್ಕೂ ಒಂದೇ. ಗೆದ್ದ ರಾಜ್ಯವನ್ನೇ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ನಿಂತವನನ್ನು ಗುಡ್ಡದಷ್ಟು ದೊಡ್ಡದಾಗಿ ಕಡೆದರು. ಆ ದೊಡ್ಡದರ ಮೇಲೂ ಮಮಕಾರ ಹುಟ್ಟಿತು ಎನ್ನುತ್ತದೆ ನಮ್ಮ ತುಳು ಹಾಡುಗತೆ, ಪಾಡ್ದನ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡ ಇಂಥದ್ದೇ ಇನ್ನೊಂದನ್ನು ಬೇರೆಲ್ಲೂ ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ತೆಗೆಸಿದ. ಉಳಿದ ಕೈಕಾಲಿನಲ್ಲೇ ಕಲ್ಕುಡ ವೇಣೂರಿಗೆ ಹೋಗಿ ಅಲ್ಲಿ ಗೊಮ್ಮಟನನ್ನು ಮಾಡಿದ. ತಂಗಿ ಕಲ್ಲುರ್ಟಿ ಸೇಡು ತೀರಿಸಿದಳು, ಇಬ್ಬರೂ ದೈವಗಳಾದರು. ಚರಿತ್ರೆಯಲ್ಲಿ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ 172 ವರ್ಷ. ಪಾಡ್ದನಕ್ಕೆ ಆ ಅಂತರ ಲೆಕ್ಕಕ್ಕಿಲ್ಲ. ಏನನ್ನೂ ಇಟ್ಟುಕೊಳ್ಳದವನ ಬಿಂಬವನ್ನು ‘ನನ್ನದು ಮಾತ್ರ’ ಎಂದ ಅರಸನ ಹುಚ್ಚನ್ನು ಅದು ಹಿಡಿದಿದೆ, ನನಗೆ ಅಷ್ಟು ಸಾಕು. ಬಿ.ಸಿ.ರೋಡಿನಿಂದ ದೂರವೇನಿಲ್ಲ ಪಣೋಲಿಬೈಲು. ಅಲ್ಲಿ ಕಲ್ಲುರ್ಟಿಗೆ ಅಗೆಲು ಎಂಬ ಹರಕೆಯ ಊಟ ಬಡಿಸಲು ಜನ ಸಾಲುಗಟ್ಟುತ್ತಾರೆ. ಅಣ್ಣನ ಕೈಕಾಲಿನ ನೆನಪು ಆ ಸಾಲಿನಲ್ಲಿ ಎಷ್ಟು ಮಂದಿಗಿದೆಯೋ, ನನಗಂತೂ ಅಲ್ಲಿ ನಿಂತಾಗ ಬೇರೇನೂ ನೆನಪಾಗುವುದಿಲ್ಲ.

ಅರಸನ ಹುಚ್ಚಿಗೆ ಅರಮನೆಯೇ ಬೇಕೆಂದೇನಿಲ್ಲ. ಮೆಲ್ಕಾರಿನ ಒಬ್ಬ ಕಾಲೇಜು ಹುಡುಗ ಖಾಸಗಿ ಬಸ್ಸುಗಳ ಮಾದರಿ ಮಾಡುತ್ತಾನೆ. ಒಳಗೆ ಎಲ್‌ಇಡಿ ಲೈಟು, ಸೀಟಿನ ಬಟ್ಟೆ, ಬೋರ್ಡಿನಲ್ಲಿ ಊರುಗಳ ಹೆಸರು ಎಲ್ಲ ಸೊಗಸಾಗಿ. ಅವನು ಬಂದು, “ಅಂಕಲ್, 1210ರ ಮೂತಿಯ ರಟ್ಟಿನ ಅಚ್ಚು ಕೊಡ್ತೀರಾ, ಜೆರಾಕ್ಸ್ ಮಾಡಿ ವಾಪಸ್ ತರ್ತೇನೆ” ಎಂದ. ಆ ಅಚ್ಚು, ಗುಜರಿಗೆ ಹೋಗುವ ಮುಂಚೆ ಲಾರಿಯೊಂದರ ಬಾನೆಟ್ಟಿಗೆ ಟೇಪು ಹಿಡಿದು, ಬಾಗಿಗೆ ತಂತಿ ಬಗ್ಗಿಸಿ ಅಳೆದು ಮಾಡಿದ್ದು. ಕೊಡಲು ಕೈ ಮುಂದೆ ಬರಲಿಲ್ಲ. ಕಾಪಿ ಕುಡಿ ಎಂದು ಹೇಳಿ ಅಷ್ಟು ಹೊತ್ತು ಸಾಗಹಾಕಿದೆ. ಅವನು ಕಾಪಿ ಕುಡಿದು ಮುಗಿಸುವುದರೊಳಗೆ ಕಲ್ಕುಡ ನೆನಪಾದ. ಕೊಟ್ಟೆ.

ಮುಂದಿನ ತಿಂಗಳು ಲಾರಿ ಹಿಡಿದುಕೊಂಡು ಬಂದ. ಅಚ್ಚು ನನ್ನದೇ, ಮೂತಿ ನನ್ನದಕ್ಕಿಂತ ಒಂದು ಗುಲಗಂಜಿ ಹೆಚ್ಚು ಚೆನ್ನಾಗಿತ್ತು. ಬಾಗು ಹೆಡ್‌ಲೈಟಿನ ಹತ್ತಿರ ಇಳಿಯುವ ಜಾಗದಲ್ಲಿ ಅವನ ಪುಟ್ಟಿ ಕೆಲಸ ಅಸಲಿಗೆ ಇನ್ನೂ ಹತ್ತಿರ. ಹೊಟ್ಟೆ ಉರಿಯಿತು. ಆಮೇಲೆ, ಆ ಉರಿ ಎಷ್ಟು ಪೂರ್ಣಪ್ರಮಾಣದ್ದು ಎಂದು ನೋಡಿ ನಗು ಬಂತು. ಮೂಡುಬಿದಿರೆಯ ಮಿತ್ರರಿಗೆ ಫೋನು ಮಾಡಿ, ಮಮಕಾರ ಹೋಯಿತು ಸ್ವಾಮಿ, ಬರೀ ನಗು ಉಳಿಯಿತು ಎಂದೆ.

“ನಗುವೂ ಆ ಹದಿನಾಲ್ಕರಲ್ಲಿ ಒಂದು ಮಾರಾಯ್ರೇ” ಎಂದರು.

ಹುಡುಗನಿಗೆ ಈಗ ಹಿಂದಿನ ಆ್ಯಕ್ಸಲ್ಲಿನ ಅಳತೆ ಬೇಕಂತೆ. ಅದನ್ನು ಬರೆದಿಟ್ಟ ಪುಸ್ತಕ ಅಟ್ಟದ ಮೇಲಿದೆ, ಭಾನುವಾರ ಇಳಿಸಬೇಕು.