ಯಂತ್ರದ ಆಯುಷ್ಯ ಯಾರ ಕೈಯಲ್ಲಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಮನೆಯ ಹಳೆಯ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಕಡೆ ಇಲ್ಲ. ಕೀಲಿಮಣೆ, ಪರದೆ ಎಲ್ಲ ಸರಿಯಿದ್ದರೂ ಯಂತ್ರದ ಕಾಲ ಮುಗಿಯಿತೆನ್ನುವ ಹಕ್ಕು ಯಾರದು?

ಜೈನಧರ್ಮ ಗೃಹಸ್ಥರಿಗೂ ಪರಿಗ್ರಹಕ್ಕೆ, ಅಂದರೆ ವಸ್ತುಸಂಗ್ರಹಕ್ಕೆ, ಮಿತಿ ಹಾಕಿಕೊಳ್ಳಲು ಹೇಳುತ್ತದೆ. ದುಡಿಯುವ ವಸ್ತುವನ್ನು ಮೂಲೆಗೆಸೆದು ಹೊಸದನ್ನು ಕೊಳ್ಳುವುದು ಆ ಮಿತಿಯನ್ನು ಮೀರಿದಂತೆಯೇ. ಅಂಥ ಹಳೆಯ ಯಂತ್ರದಲ್ಲೂ 4 ಜಿಬಿ ರ್‍ಯಾಮ್ ಇದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆ ಉಚಿತವಾಗಿ, ಸಲೀಸಾಗಿ ನಡೆಯುತ್ತದೆ.

ಉಳಿತಾಯಕ್ಕಿಂತ ದೊಡ್ಡದು ಸ್ವಾತಂತ್ರ್ಯ. 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಎತ್ತಿದ್ದು ನೀತಿಯ ಪ್ರಶ್ನೆ: ತಂತ್ರಾಂಶವನ್ನು ಅರಿಯುವ, ತಿದ್ದುವ, ಹಂಚುವ ಅಧಿಕಾರ ಬಳಸುವವರಿಗೇ ಇರಬೇಕು.

ಲಿನಕ್ಸ್‌ಗೆ ಹೋಗುವ ಮುನ್ನ ಕನ್ನಡಿಗರಿಗೆ ಇನ್ನೊಂದು ಕೆಲಸವುಂಟು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ವ್ಯವಸ್ಥೆ ಬದಲಿಸಬೇಕು.